ಸೋತ ತಂಡವೂ ಹೊಣೆ ಹೊತ್ತ ಗುರುವೂ

ಮಳೆ ಬಾರದೆ ಹೋದರೆ ಅರಸನ ನಡತೆಯಲ್ಲಿಯೇ ಏನೋ ದೋಷವಿರಬೇಕೆಂದು ಬಗೆಯುವುದು ಹಿಂದಿನ ಕಾಲದ ಜನರ ನಂಬಿಕೆಯಾಗಿತ್ತು. ಆಕಾಶದ ಮೋಡಕ್ಕೂ ಅರಮನೆಯ ಅರಸನಿಗೂ ಇರುವ ಸಂಬಂಧವನ್ನು ಯಾರೂ ಸಾಧಿಸಿ ತೋರಿಸಿರಲಿಲ್ಲ. ಆದರೂ ಒಣಗಿದ ಹೊಲದ ಅಂಚಿನಲ್ಲಿ ನಿಂತವನಿಗೆ ಸಂಕಟವನ್ನು ಹೇಳಿಕೊಳ್ಳಲು, ಸಿಟ್ಟನ್ನು ತೋಡಿಕೊಳ್ಳಲು ಕಣ್ಣಿಗೆ ಕಾಣುವ ಒಂದು ಮುಖ ಬೇಕಾಗಿತ್ತು. ಅರಸರ ಕಾಲ ಕಳೆದು ಹೋಯಿತು. ಆ ನಂಬಿಕೆಯೂ ಅದರೊಡನೆ ಕಳೆಯಿತೆಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ಫುಟ್‌ಬಾಲ್ ತಂಡ ಸೋತ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಬಾಗಿಲಲ್ಲಿ ಐದು ನಿಮಿಷ ನಿಂತು, ಹೊರಗೆ ಬರುವವರ ಮಾತನ್ನು ಕೇಳಿಸಿಕೊಂಡವರಿಗೆ ಅದು ಇನ್ನೂ ಜೀವಂತವಾಗಿರುವುದು ತಿಳಿಯುತ್ತದೆ. ಅಲ್ಲಿ ಅರಸನ ಸ್ಥಾನದಲ್ಲಿ ನಿಂತಿರುವವನು ತಂಡದ ತರಬೇತುದಾರ. ಗೋಲು ತಪ್ಪಿದರೂ ಅವನ ತಪ್ಪು, ಗೋಲು ಬಿದ್ದರೂ ಅವನ ತಪ್ಪು. ಅವನನ್ನು ಕಳುಹಿಸಿಬಿಟ್ಟರೆ ನಾಳೆಯೇ ಮಳೆ ಸುರಿಯುವುದೆಂಬ ಭರವಸೆ ಎಲ್ಲರ ಮಾತಿನಲ್ಲಿಯೂ ಇರುತ್ತದೆ.

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಚೆಂಡಾಟದ ಮಾತೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ನಾನು ಕನ್ನಡ ಪಾಠ ಹೇಳುವವನು, ಬೆಂಗಳೂರು ಎಫ್.ಸಿ. ತಂಡದ ಅಭಿಮಾನಿಯೂ ಹೌದು. ಈ ಎರಡಕ್ಕೂ ಸಂಬಂಧವಿಲ್ಲವೆಂದು ನನಗೆ ತೋರುವುದಿಲ್ಲ. ‘ಅಭಿಮಾನ’ವೆಂಬ ಮಾತು ನಮ್ಮ ಹಳೆಯ ಕಾವ್ಯಗಳಲ್ಲಿ ಹೆಚ್ಚಾಗಿ ಆತ್ಮಗೌರವವೆಂಬ ಅರ್ಥದಲ್ಲಿ ಬರುತ್ತದೆ, ಇಂದಿನ ಬಳಕೆಯಲ್ಲಿ ಅದು ಮೆಚ್ಚಿದವರ ಮೇಲಣ ಒಲವಿಗೆ ಹೆಸರಾಗಿದೆ. ಒಲವು ಕಣ್ಣನ್ನು ಕಟ್ಟಿದಾಗಲೂ ಗೌರವ ಕಣ್ಣನ್ನು ತೆರೆದಿರಬೇಕು. ಕವಿಯ ವಿಷಯದಲ್ಲಿ ಈ ಎಚ್ಚರವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ನಾವು ಆಟದ ವಿಷಯದಲ್ಲಿ ಅದನ್ನು ಬಿಟ್ಟುಕೊಡಲು ಕಾರಣವಿಲ್ಲ. ತಂಡದ ಏರಿಳಿತವನ್ನೂ ತರಬೇತುದಾರನ ಯೋಗ್ಯತೆಯನ್ನೂ ಅಭಿಮಾನಿಯಾದವನು ಹೇಗೆ ತೂಗಬೇಕು ಎಂಬುದೇ ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಕಾಲ್ಚೆಂಡಾಟ ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಬ್ರಿಟಿಷ್ ಪಲ್ಟನುಗಳು ನೆಲೆಸಿದ್ದ ದಂಡಿನ ಪ್ರದೇಶದಲ್ಲಿ ಬೇರೂರಿದ ಈ ಆಟ ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ಹಲಸೂರಿನ ಗೌತಮಪುರಗಳಂಥ ಬಡವರ ಬೀದಿಗಳಲ್ಲಿ ಬೆಳೆಯಿತು. ಗೌತಮಪುರದಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿದ್ದಾರೆಂದರೆ ಅಲ್ಲಿಯ ಜನರ ಒಲವು ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂಬಯಿಯ ರೋವರ್ಸ್ ಕಪ್ಪು ಬಹು ವರ್ಷ ಬಿಳಿಯರ ಪಲ್ಟನುಗಳ ಸೊತ್ತಾಗಿತ್ತು. ೧೯೩೭ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಸಂತೋಷ್ ಟ್ರೋಫಿಯನ್ನು ಮೈಸೂರು ಸಂಸ್ಥಾನ ೧೯೪೬–೪೭ರಲ್ಲಿ ಗೆದ್ದಿತು. ೧೯೫೨–೫೩ರಲ್ಲಿಯೂ, ಬಳಿಕ ೧೯೬೭–೬೮, ೧೯೬೮–೬೯ರಲ್ಲಿ ಎಡೆಬಿಡದೆ ಎರಡು ಸಲವೂ ಮೈಸೂರಿನದೇ ಗೆಲುವು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿಗೆ ೧–೨ರಲ್ಲಿ ಸೋತಾಗ ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ನಾಲ್ಕು ವರ್ಷಗಳ ಅನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ ಹತ್ತು ಗೋಲುಗಳನ್ನು ಹೊಡೆಯಿತು. ನಮ್ಮ ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನವರೇ ಆದ ಅಹಮದ್ ಖಾನರದು. ಗೆಲುವನ್ನೂ ಸೋಲನ್ನೂ ಕಂಡು ಹಣ್ಣಾದ ಊರು ನಮ್ಮದು. ಇಂಥ ಊರಿನ ಅಭಿಮಾನಿಗೆ ತಾಳ್ಮೆ ಕಲಿಸಬೇಕಾಗಿ ಬಂದಿರುವುದೇ ಆಶ್ಚರ್ಯ.

ಇನ್ನು ಪ್ರಕೃತಕ್ಕೆ ಬರೋಣ. ಬೆಂಗಳೂರು ಎಫ್.ಸಿ. ಹುಟ್ಟಿದ್ದು ೨೦೧೩ರಲ್ಲಿ. ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಡಿದ ಮೊದಲ ವರ್ಷವೇ, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ, ಅದು ಐ-ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು. ೨೦೧೫ರ ಜನವರಿಯಲ್ಲಿ ಫೆಡರೇಷನ್ ಕಪ್ಪು, ೨೦೧೬ರಲ್ಲಿ ಮತ್ತೆ ಐ-ಲೀಗ್. ಅದೇ ವರ್ಷ ವೆಸ್ಟ್‌ವುಡ್ ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ತಂಡ ಏಷ್ಯಾ ಮಟ್ಟದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕಿನ ತಂಡವೊಂದಕ್ಕೆ ಒಂದೇ ಗೋಲಿನಿಂದ ಸೋತರೂ ಸೋತವರನ್ನು ಯಾರೂ ಹೀನಾಯವಾಗಿ ಕಾಣಲಿಲ್ಲ. ೨೦೧೭ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗಿಗೆ ಸೇರಿತು. ಮೊದಲ ವರ್ಷ ನಮ್ಮ ಮೈದಾನದಲ್ಲಿಯೇ ಚೆನ್ನೈ ತಂಡದೆದುರು ಅಂತಿಮ ಪಂದ್ಯವನ್ನು ಸೋತು, ಮರುವರ್ಷ, ೨೦೧೯ರ ಮಾರ್ಚ್ ತಿಂಗಳಲ್ಲಿ, ಮುಂಬಯಿಯಲ್ಲಿ ಗೋವಾ ತಂಡವನ್ನು ಮಣಿಸಿ ಪ್ರಶಸ್ತಿಯನ್ನು ತಂದಿತು. ಹೆಚ್ಚುವರಿ ಅವಧಿ ಮುಗಿಯುವ ಹೊತ್ತಿಗೆ ಕಾರ್ನರ್‌ನಿಂದ ಬಂದ ಚೆಂಡನ್ನು ರಾಹುಲ್ ಭೇಕೆ ತಲೆಯಿಂದ ಗೋಲಿಗೆ ತಳ್ಳಿದ ಆ ಕ್ಷಣವನ್ನು ನೋಡಿದವರು ಮರೆಯುವಂತಿಲ್ಲ. ಆಗ ತರಬೇತುದಾರರಾಗಿದ್ದವರು ಕಾರ್ಲೆಸ್ ಕ್ವಾಡ್ರಾಟ್. ರೋಕಾ ಅವರ ಕೈಕೆಳಗೆ ಸಹಾಯಕರಾಗಿ ದುಡಿದವರು.

ಆಮೇಲಿನ ಕಥೆ ಬೇರೆ. ೨೦೨೧ರ ಜನವರಿಯಲ್ಲಿ ಮೂರು ಪಂದ್ಯಗಳನ್ನು ಸಾಲಾಗಿ ಸೋತ ಕೂಡಲೇ ಕ್ವಾಡ್ರಾಟ್ ತಂಡವನ್ನು ಬಿಡಬೇಕಾಯಿತು. ಮಹಾಮಾರಿಯ ಕಾರಣದಿಂದ ಪಂದ್ಯಗಳೆಲ್ಲ ಗೋವಾದಲ್ಲಿ ಪ್ರೇಕ್ಷಕರಿಲ್ಲದೆ ನಡೆಯುತ್ತಿದ್ದ ವರ್ಷ ಅದು. ಉಳಿದ ಅವಧಿಯನ್ನು ನೌಷಾದ್ ಮೂಸಾ ನಡೆಸಿಕೊಟ್ಟರು; ತಂಡ ಏಳನೆಯದಾಯಿತು. ಜರ್ಮನಿಯ ಮಾರ್ಕೊ ಪೆಟ್ಸಾಯುಓಲಿ ಬಂದರು; ಆರನೆಯ ಸ್ಥಾನ. ಅವರು ಹೋದರು, ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ೨೦೨೩ರ ಡಿಸೆಂಬರಿನಲ್ಲಿ ಅವರೂ ಹೋಗಿ ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು. ಎಣಿಸಿ ನೋಡಿದರೆ ಮೂರು ವರ್ಷಗಳ ಒಳಗೆ ಐದು ಹೆಸರುಗಳು. ಒಂದು ತರಗತಿಗೆ ಮೂರು ವರ್ಷಗಳಲ್ಲಿ ಐವರು ಉಪಾಧ್ಯಾಯರು ಬದಲಾದರೆ ಮಕ್ಕಳ ವ್ಯಾಕರಣ ಏನಾಗುವುದೆಂಬುದನ್ನು ಯಾವ ಉಪಾಧ್ಯಾಯರಾದರೂ ಹೇಳಬಲ್ಲರು. ಒಬ್ಬನು ಹಳಗನ್ನಡದಿಂದ ಆರಂಭಿಸುತ್ತಾನೆ, ಮತ್ತೊಬ್ಬನು ಹೊಸಗನ್ನಡದಿಂದ. ಪರೀಕ್ಷೆ ಮಾತ್ರ ಗೊತ್ತಾದ ದಿನಕ್ಕೆ ತಪ್ಪದೆ ಬರುತ್ತದೆ.

ಗ್ರೇಸನ್ ಅವರ ಒಂದು ವರ್ಷವನ್ನು ಮಾತ್ರ ಬಿಡಿಸಿ ನೋಡುವುದು ಉಪಯುಕ್ತ. ೨೦೨೨ರ ಸೆಪ್ಟೆಂಬರಿನಲ್ಲಿ ತಂಡ ಮುಂಬಯಿಯನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನು ಮೊದಲ ಸಲ ಗೆದ್ದಿತು. ಹಾರ ತುರಾಯಿಗಳು ಬಿದ್ದವು. ಲೀಗ್ ಆರಂಭವಾದ ಮೇಲೆ ಸೋಲಿನ ಮೇಲೆ ಸೋಲು. ಡಿಸೆಂಬರಿನ ಹೊತ್ತಿಗೆ ತಂಡ ಪಟ್ಟಿಯ ಕೆಳಭಾಗಕ್ಕೆ ಕುಸಿದಿತ್ತು. ಆ ದಿನಗಳಲ್ಲಿ ನನ್ನ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ಬಳಿಗೆ ಬಂದು, “ಸಾರ್, ಈ ಮನುಷ್ಯನನ್ನು ಕಳಿಸೋವರೆಗೂ ನಮ್ಮ ಟೀಮು ಉದ್ಧಾರ ಆಗಲ್ಲ” ಎಂದ.

“ಕಳಿಸಿ ಯಾರನ್ನು ತರಬೇಕಪ್ಪ?” ಎಂದು ಕೇಳಿದೆ.

“ಯಾರಾದರೂ ಆಗಲಿ ಸಾರ್, ಇವರು ಬೇಡ.”

ಅವನ ಮಾತಿನಲ್ಲಿದ್ದುದು ಕಪಟವಲ್ಲ, ನಿಜವಾದ ನೋವು. ಆದರೆ ಆಮೇಲೆ ಏನಾಯಿತು? ಅದೇ ತರಬೇತುದಾರ, ಬಹುಮಟ್ಟಿಗೆ ಅದೇ ಆಟಗಾರರು, ಅದೇ ಮೈದಾನ. ತಂಡ ಲೀಗಿನಲ್ಲಿ ಎಡೆಬಿಡದೆ ಎಂಟು ಪಂದ್ಯಗಳನ್ನು ಗೆದ್ದು ನಾಲ್ಕನೆಯ ಸ್ಥಾನಕ್ಕೇರಿತು. ಶಿವಶಕ್ತಿ ನಾರಾಯಣನ್ ಎಂಬ ತಮಿಳುನಾಡಿನ ತರುಣ ಮುಂಚೂಣಿಯಲ್ಲಿ ನೆಲೆಗೊಂಡ. ನಾಯಕ ಸುನಿಲ್ ಛೆಟ್ರಿಯಂಥವರು ಎಷ್ಟೋ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕುಳಿತು ಸರದಿಗಾಗಿ ಕಾಯಲು ಒಪ್ಪಿದರು. ೨೦೨೩ರ ಮಾರ್ಚ್ ೧೮ರಂದು ಗೋವಾದಲ್ಲಿ ನಡೆದ ಅಂತಿಮ ಪಂದ್ಯವನ್ನು ಪೆನಾಲ್ಟಿಗಳಲ್ಲಷ್ಟೆ ಕೋಲ್ಕತ್ತದ ಎ.ಟಿ.ಕೆ. ಮೋಹನ್ ಬಾಗಾನ್ ತಂಡಕ್ಕೆ ಬಿಟ್ಟುಕೊಟ್ಟಿತು. ಏಪ್ರಿಲಿನಲ್ಲಿ ಸೂಪರ್ ಕಪ್ಪಿನ ಅಂತಿಮ ಪಂದ್ಯವನ್ನೂ ಆಡಿತು. ಒಂದೇ ವರ್ಷದಲ್ಲಿ ಮೂರು ಅಂತಿಮ ಪಂದ್ಯಗಳು. ನನ್ನ ವಿದ್ಯಾರ್ಥಿ ಮಾರ್ಚಿ ತಿಂಗಳಲ್ಲಿ ಗ್ರೇಸನ್ ಅವರ ಹೆಸರನ್ನು ಆಚಾರ್ಯರೊಬ್ಬರ ಹೆಸರಿನಂತೆ ಉಚ್ಚರಿಸುತ್ತಿದ್ದ. ಡಿಸೆಂಬರ್ ಮತ್ತೆ ಬಂತು. ಸ್ವಂತ ಮೈದಾನದಲ್ಲಿ ಮುಂಬಯಿ ತಂಡ ನಾಲ್ಕು ಗೋಲುಗಳನ್ನು ಹೊಡೆದು ಹೋದ ಬೆನ್ನಿಗೇ ಆಚಾರ್ಯರಿಗೆ ವಿದಾಯವಾಯಿತು.

ನಮ್ಮ ಪತ್ರಿಕೆಗಳು ತಂಡದ ಸ್ಥಿತಿಗತಿಯನ್ನು ‘ಲಯ’ವೆಂಬ ಒಂದು ಮಾತಿನಿಂದ ಸೂಚಿಸುತ್ತವೆ. ತಂಡ ಲಯ ಕಂಡುಕೊಂಡಿತು, ಲಯ ಕಳೆದುಕೊಂಡಿತು ಎನ್ನುತ್ತವೆ. ಯಾರು ಈ ಮಾತನ್ನು ಮೊದಲು ಬಳಕೆಗೆ ತಂದರೋ ಅವರಿಗೆ ನಾವು ಋಣಿಗಳು. ಏಕೆಂದರೆ ಇದು ಪದಾರ್ಥದ ಒಳಗನ್ನು ಬಲ್ಲ ಮಾತು. ಸಂಗೀತದಲ್ಲಿ ಲಯವನ್ನು ಹಾಡುಗಾರನೊಬ್ಬನೇ ಇಟ್ಟುಕೊಳ್ಳಲಾರ. ಮೃದಂಗದವನು, ಪಿಟೀಲಿನವನು, ಹಿಂದೆ ಕುಳಿತು ತಂಬೂರಿ ಮೀಟುವವನು, ಕೊನೆಗೆ ತೊಡೆಯ ಮೇಲೆ ತಾಳ ಹಾಕುವ ಸಭಿಕನವರೆಗೆ ಎಲ್ಲರೂ ಸೇರಿ ಅದನ್ನು ಹಿಡಿದಿರುತ್ತಾರೆ. ಹಾಗೆಯೇ ತಂಡದ ಲಯವೂ ಹನ್ನೊಂದು ಜನರ ಕಾಲಿನಲ್ಲಿ, ಅವರ ಮೈಯ ಆರೋಗ್ಯದಲ್ಲಿ, ಅವರ ನಡುವಣ ನಂಬಿಕೆಯಲ್ಲಿ, ಒಂದಿಷ್ಟು ಅದೃಷ್ಟದಲ್ಲಿ ಹಂಚಿಕೊಂಡಿರುತ್ತದೆ. ಕಂಬಕ್ಕೆ ಬಡಿದು ಹೊರಗೆ ಹೋದ ಚೆಂಡು ಎರಡು ಅಂಗುಲ ಒಳಗೆ ಬಿದ್ದಿದ್ದರೆ ಅದೇ ತರಬೇತುದಾರನ ಅದೇ ಯೋಜನೆಯನ್ನು ನಾವು ಜಾಣತನವೆಂದು ಕರೆಯುತ್ತಿದ್ದೆವು.

ಹಾಗಾದರೆ ತರಬೇತುದಾರನದು ಏನೂ ಇಲ್ಲವೇ? ಖಂಡಿತ ಇದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನು ನೋಡಿದವರಿಗೆ ಅವನ ಪಾಡು ಸುಲಭವಾಗಿ ಅರ್ಥವಾದೀತು. ಮೂರು ತಿಂಗಳು ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿಯ ಹೊತ್ತು ಕಂದ ಪದ್ಯಗಳನ್ನು ಕಲಿಸಬೇಕು. ಯಾರಿಗೆ ಭೀಮ, ಯಾರಿಗೆ ಶಕುನಿ ಎಂದು ಗೊತ್ತುಮಾಡಬೇಕು. ಪಾತ್ರ ಸಿಗದವನ ಮುನಿಸನ್ನು ತೀರಿಸಬೇಕು. ಇಷ್ಟೆಲ್ಲ ಅವನ ಕೆಲಸ. ಆದರೆ ನಾಟಕದ ರಾತ್ರಿ ಪರದೆ ಎದ್ದ ಮೇಲೆ ಅವನು ರಂಗದ ಬದಿಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತವನು. ದುರ್ಯೋಧನ ಮಾತು ಮರೆತರೆ ಶ್ರುತಿಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಬಹುದೇ ಹೊರತು ಎದ್ದು ಹೋಗಿ ಗದೆ ಹಿಡಿಯುವಂತಿಲ್ಲ. ಬಿಳಿಯ ಗೆರೆಯ ಆಚೆ ನಿಂತು ಕೈ ಬೀಸುವ ತರಬೇತುದಾರನ ಅಧಿಕಾರವೂ ಇಷ್ಟೆ. ತಾಲೀಮಿನಲ್ಲಿ, ಪಾತ್ರಗಳ ಹಂಚಿಕೆಯಲ್ಲಿ, ಸಮಯ ನೋಡಿ ಒಬ್ಬನನ್ನು ಇಳಿಸಿ ಮತ್ತೊಬ್ಬನನ್ನು ಏರಿಸುವುದರಲ್ಲಿ ಅವನನ್ನು ನಾವು ಪರೀಕ್ಷಿಸಬಹುದು, ಕಠಿಣವಾಗಿಯೇ ಪರೀಕ್ಷಿಸಬೇಕು. ಗೋಲಿನೆದುರು ನಿಂತ ಆಟಗಾರನ ಬೆದರಿಕೆಗೆ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಈ ವಿಷಯದಲ್ಲಿ ನಮಗೆ ಹೊರನಾಡಿನ ಉದಾಹರಣೆಗಳು ಬೇಕಿಲ್ಲ. ಭಾರತದ ಕಾಲ್ಚೆಂಡಾಟಕ್ಕೆ ಅತ್ಯಂತ ದೊಡ್ಡ ಗುರುವಾಗಿದ್ದ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು, ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಅವರ ತಂಡ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು ಹತ್ತು ಗೋಲು ತಿಂದ ತಂಡವೂ ಅವರದೇ. ಇಂದಿನ ನಮ್ಮ ನ್ಯಾಯದಂತೆ ನಡೆದಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಆ ಸೋಲನ್ನು ಕಂಡ ಗುರುವಿನ ಕೈಕೆಳಗೆಯೇ ಭಾರತ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು ೪–೨ರಲ್ಲಿ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂತು. ೧೯೬೨ರಲ್ಲಿ ಜಕಾರ್ತದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಕ್ಕೆ ಸೋತ ತಂಡ, ಕೊನೆಯ ಪಂದ್ಯದಲ್ಲಿ ಅದೇ ಕೊರಿಯವನ್ನು ೨–೧ರಲ್ಲಿ ಸೋಲಿಸಿ ಚಿನ್ನ ತಂದಿತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರನ್ನು ರಹೀಮ್ ಮುಂಚೂಣಿಯಲ್ಲಿ ಆಡಿಸಿದರು. ಗೆಲುವಿನ ಎರಡು ಗೋಲುಗಳಲ್ಲಿ ಒಂದು ಜರ್ನೈಲರದು, ಇನ್ನೊಂದು ಪಿ. ಕೆ. ಬ್ಯಾನರ್ಜಿಯವರದು. ಅಂಥ ಸಾಹಸಕ್ಕೆ ಗುರುವಿಗೆ ತನ್ನ ಆಟಗಾರರ ಮೈಮನಗಳೆರಡೂ ಗೊತ್ತಿರಬೇಕು. ಮೂರು ತಿಂಗಳಲ್ಲಿ ಅದು ಗೊತ್ತಾಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮ ಹಿರಿಯರು ಹೇಳಿದ್ದು ಮಡಕೆಗಳ ವಿಷಯವನ್ನು ಮಾತ್ರವಲ್ಲ.

ನನ್ನ ವಾದಕ್ಕೆ ಒಂದು ಆಕ್ಷೇಪ ಬರಬಹುದು, ಬರಲೇಬೇಕು. ವೆಸ್ಟ್‌ವುಡ್ ಹೋದ ಮೇಲೆ ರೋಕಾ ಬಂದದ್ದರಿಂದ ತಂಡ ಕೆಟ್ಟಿತೇ? ರೋಕಾ ಹೋದ ಮೇಲೆ ಕ್ವಾಡ್ರಾಟ್ ಬಂದದ್ದರಿಂದ ಕೆಟ್ಟಿತೇ? ಎರಡೂ ಸಲ ತಂಡ ಏರಿತಲ್ಲವೇ? ಏರಿತು ನಿಜ. ಆದರೆ ಹೇಗೆ ಎಂಬುದನ್ನು ಗಮನಿಸಬೇಕು. ೨೦೧೬ರ ಏಷ್ಯಾ ಪಂದ್ಯಾವಳಿಯಲ್ಲಿ ಮೊದಲ ಅರ್ಧದ ದಾರಿಯನ್ನು ಸವೆಸಿದ್ದು ವೆಸ್ಟ್‌ವುಡ್ ಅವರ ತಂಡ; ಎಂಟರ ಘಟ್ಟದಿಂದ ಮುಂದೆ ಅದನ್ನು ಕೈಹಿಡಿದು ನಡೆಸಿದವರು ರೋಕಾ. ಕಟ್ಟಿದ ಮನೆಗೆ ಅವರು ಅಟ್ಟ ಹಾಕಿದರು, ಅಡಿಪಾಯ ಅಗೆಯಲಿಲ್ಲ. ಕ್ವಾಡ್ರಾಟ್ ಆ ಮನೆಯೊಳಗೇ ಇದ್ದವರು. ಯಾವ ಕಿಟಕಿ ಯಾವ ದಿಕ್ಕಿಗೆ ತೆರೆಯುವುದೆಂದು ಬಲ್ಲವರು. ಸರಗೋಸಾ ಕೂಡ ಹಿಂದೆ ಇದೇ ತಂಡದಲ್ಲಿ ಸಹಾಯಕರಾಗಿದ್ದವರು. ನಡುವೆ ಬಂದು ಕೈಗೊಂಡ ಆ ವರ್ಷ ತಂಡ ಹತ್ತನೆಯ ಸ್ಥಾನಕ್ಕೆ ಇಳಿಯಿತು. ಅವರನ್ನು ಆಗಲೇ ಕಳುಹಿಸದೆ ಉಳಿಸಿಕೊಂಡುದರ ಫಲ ಮರುವರ್ಷ ಕಂಡಿತು: ೨೦೨೪–೨೫ರಲ್ಲಿ ಮೂರನೆಯ ಸ್ಥಾನ, ಮುಂಬಯಿಯ ಮೇಲೆ ಐದು ಗೋಲುಗಳ ಗೆಲುವು, ಕೋಲ್ಕತ್ತದಲ್ಲಿ ೨೦೨೫ರ ಏಪ್ರಿಲ್ ೧೨ರಂದು ಅಂತಿಮ ಪಂದ್ಯ. ಅದನ್ನು ಮೋಹನ್ ಬಾಗಾನ್ ಹೆಚ್ಚುವರಿ ಅವಧಿಯಲ್ಲಿ ೨–೧ರಿಂದ ಗೆದ್ದಿತೆಂಬುದು ಬೇರೆ ಮಾತು. ಗುರು ಬದಲಾಗುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಗುರು ಬದಲಾದಾಗ ಪಾಠವೂ ಮೊದಲಿನಿಂದ ಬದಲಾಗುವುದು ದೋಷ. ಕಲಿಸಿದ್ದನ್ನು ಮುಂದಿನವನ ಕೈಗೆ ದಾಟಿಸುವ ವ್ಯವಸ್ಥೆ ಇದ್ದ ವರ್ಷಗಳಲ್ಲಿ ನಮ್ಮ ತಂಡ ಬೆಳೆಯಿತು. ಆ ಕೊಂಡಿ ಕಳಚಿದ ವರ್ಷಗಳಲ್ಲಿ ತಡವರಿಸಿತು.

ಇಲ್ಲಿಯೇ ಅಭಿಮಾನಿಯ ಸಿಟ್ಟು ದಾರಿ ತಪ್ಪುತ್ತದೆ. ಐವರು ತರಬೇತುದಾರರ ಗುಣದೋಷಗಳನ್ನು ನಾವು ಬಾಯಿಪಾಠ ಒಪ್ಪಿಸಬಲ್ಲೆವು. ಅವರನ್ನು ಆರಿಸಿದ ಕೈಗಳು ಯಾವುವು, ಯಾವ ಯೋಚನೆಯಿಂದ ಆರಿಸಿದವು, ಒಬ್ಬರಿಗೂ ಮತ್ತೊಬ್ಬರಿಗೂ ಆಟದ ರೀತಿಯಲ್ಲಿ ಏನಾದರೂ ಸಂಬಂಧವಿತ್ತೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ತರಬೇತುದಾರನನ್ನು ಬೀಳ್ಕೊಟ್ಟಾಗ ನಮ್ಮ ಸಿಟ್ಟು ತಣಿಯುತ್ತದೆ. ಅದು ತಣಿಯಲೆಂಬುದೇ ಕೆಲವು ವೇಳೆ ಬೀಳ್ಕೊಡುಗೆಯ ಉದ್ದೇಶವಾಗಿರುತ್ತದೆ. ನಮ್ಮ ಕೂಗನ್ನು ಬೇರೆಯವರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುವಂತಾಗಬಾರದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗುರುತರವಾದುದು. ೨೦೨೪–೨೫ರ ಲೀಗಿನಲ್ಲಿ ಭಾರತೀಯ ಆಟಗಾರರೊಳಗೆ ಅತ್ಯಧಿಕ ಗೋಲುಗಳನ್ನು ಹೊಡೆದವರು ನಮ್ಮ ಸುನಿಲ್ ಛೆಟ್ರಿ: ಹದಿನಾಲ್ಕು ಗೋಲುಗಳು. ಆಗ ಅವರಿಗೆ ನಲವತ್ತು ವರ್ಷ. ಆ ಮನುಷ್ಯನ ಶಿಸ್ತಿಗೆ ತಲೆ ಬಾಗದವನು ಆಟವನ್ನು ಪ್ರೀತಿಸುವವನಲ್ಲ. ಆದರೆ ಅವರನ್ನು ಹೊಗಳುವಾಗಲೇ ನಮಗೆ ದಿಗಿಲೂ ಆಗಬೇಕು. ನಲವತ್ತರ ಹಿರಿಯನನ್ನು ಮೀರಿಸುವ ಇಪ್ಪತ್ತರ ತರುಣ ದೇಶದಲ್ಲಿ ಎಲ್ಲಿಯೂ ಕಾಣಲಿಲ್ಲವೆಂದರೆ ಅದು ಯಾವ ಒಬ್ಬ ತರಬೇತುದಾರನ ತಪ್ಪು? ೨೦೨೩ರ ಮಾರ್ಚ್ ತಿಂಗಳ ಎರಡು ದಿನಗಳನ್ನು ಇಲ್ಲಿ ನೆನೆಯಬಹುದು. ಮಾರ್ಚ್ ೩ರಂದು ಕಂಠೀರವದಲ್ಲಿ ಕೇರಳದ ತಂಡದೆದುರು ಛೆಟ್ರಿ ತಟ್ಟನೆ ಹೊಡೆದ ಫ್ರೀ ಕಿಕ್ ಗೋಲಾಗಿ, ಎದುರಾಳಿಗಳು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆದರು. ಆ ಗೋಲು ಸರಿಯೋ ತಪ್ಪೋ ಎಂದು ಊರು ವಾರಗಟ್ಟಲೆ ಚರ್ಚಿಸಿತು. ಮರುದಿನ, ಮಾರ್ಚ್ ೪ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು ೩–೨ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದರು. ಮೈಸೂರೆಂಬ ಹೆಸರಿನಲ್ಲಿ ಕೊನೆಯ ಸಲ ಗೆದ್ದು ಐವತ್ತನಾಲ್ಕು ವರ್ಷಗಳಾದ ಮೇಲೆ ಬಂದ ಗೆಲುವು ಅದು. ನನ್ನ ಪರಿಚಯದ ಅಭಿಮಾನಿಗಳಲ್ಲಿ ಅದನ್ನು ನೆನಪಿಟ್ಟವರು ಬೆರಳೆಣಿಕೆಯಷ್ಟು ಜನ. ಆ ತಂಡದ ತರಬೇತುದಾರರ ಹೆಸರನ್ನು ಬಲ್ಲವರು ಇನ್ನೂ ಕಡಿಮೆ. ಗೆದ್ದೆತ್ತಿನ ಬಾಲ ಹಿಡಿಯುವವರು ಎಂದು ಜನರನ್ನು ಹಳಿಯುವುದುಂಟು. ಇಲ್ಲಿ ಗೆದ್ದ ಎತ್ತಿಗೂ ಬಾಲ ಹಿಡಿಯುವವರಿರಲಿಲ್ಲ.

ಅಭಿಮಾನಿ ಟೀಕಿಸಬಾರದೆಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ೨೦೧೮ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತ ತಂಡ ಬರಿದಾದ ಆಸನಗಳ ಮುಂದೆ ಆಡಬೇಕಾಗಿ ಬಂದಾಗ ಛೆಟ್ರಿಯವರೇ ದೇಶದ ಜನರನ್ನು ಬೇಡಿಕೊಂಡರು: ಬನ್ನಿ, ಟೀಕಿಸಿ, ಬೇಕಾದರೆ ಬೈಯಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಆಟಗಾರನೇ ಕೊಟ್ಟ ಅಧಿಕಾರವಿದು. ಅದನ್ನು ಅರ್ಹತೆಯಿಂದ ಚಲಾಯಿಸಬೇಕು. ತಂಡ ಸೋತಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಸೋತರೂ ತಂಡ ಗೋಲಿನ ಅವಕಾಶಗಳನ್ನು ಹುಟ್ಟಿಸಿತೇ, ಅಥವಾ ದಾರಿ ಕಾಣದೆ ಅಲೆಯಿತೇ? ಹೋದ ವರ್ಷಕ್ಕಿಂತ ಈ ವರ್ಷ ಒಬ್ಬ ಎಳೆಯ ಆಟಗಾರನಾದರೂ ಈ ಗುರುವಿನಿಂದ ಏನಾದರೂ ಕಲಿತಿರುವನೇ? ಈ ಗುರು ನಾಳೆ ಹೊರಟರೆ ಅವನು ಬಿಟ್ಟು ಹೋಗುವುದು ಏನು? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಅವನನ್ನು ಕಳುಹಿಸುವುದೇ ಸರಿ. ನಾನೂ ಕೂಗಿಗೆ ದನಿಗೂಡಿಸುತ್ತೇನೆ. ಒಂದಕ್ಕಾದರೂ ಹೌದೆಂಬ ಉತ್ತರವಿದ್ದರೆ ಅವನಿಗೆ ಇನ್ನೊಂದು ಮಳೆಗಾಲದ ಅವಕಾಶ ಸಲ್ಲಬೇಕು.

ಈ ಮಾತಿಗೆ ಇಂದು ಒಂದು ಹೊಸ ತೀವ್ರತೆ ಬಂದಿದೆ. ೨೦೨೫ರ ಜುಲೈ ತಿಂಗಳಲ್ಲಿ, ಲೀಗನ್ನು ನಡೆಸುವ ಹಕ್ಕಿನ ಒಪ್ಪಂದ ಮುಂದುವರಿಯುವುದೋ ಇಲ್ಲವೋ ಎಂಬ ಗೊಂದಲದಲ್ಲಿ, ಸಂಘಟಕರು ಮುಂದಿನ ಋತುವನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದಕ್ಕೆ ನಾಲ್ಕು ತಿಂಗಳು ಮೊದಲು ಕೋಲ್ಕತ್ತದಲ್ಲಿ ಅಂತಿಮ ಪಂದ್ಯವಾಡಿದ ತಂಡದ ಆಗಿನ ಸ್ಥಿತಿ ಇದಾಗಿತ್ತು. ಯಾವ ತರಬೇತುದಾರನ ಯಾವ ಯೋಜನೆಯೂ ಇದನ್ನು ತಡೆಯುವಂತಿರಲಿಲ್ಲ. ಯಾರನ್ನು ಕಳುಹಿಸಿದ್ದರೂ ಇದು ತಪ್ಪುತ್ತಿರಲಿಲ್ಲ. ಮುಂಚೂಣಿಯಲ್ಲಿ ಒಬ್ಬರು ಆಡಬೇಕೋ ಇಬ್ಬರು ಆಡಬೇಕೋ ಎಂದು ನಾವು ವಾದಿಸುತ್ತಿದ್ದಾಗ, ಆಟಕ್ಕೆ ನೆಲೆಯಾಗಿದ್ದ ವ್ಯವಸ್ಥೆಯೇ ಒಳಗಿಂದೊಳಗೆ ಸಡಿಲಗೊಳ್ಳುತ್ತಿತ್ತು. ಆ ದಿನಗಳಲ್ಲಿ ನಮ್ಮ ಕೂಗಿನ ಹತ್ತರಲ್ಲೊಂದು ಪಾಲಾದರೂ ಆಟವನ್ನು ಆಳುವವರ ಕಡೆಗೆ ತಿರುಗಿದ್ದರೆ ಅದು ಸಾರ್ಥಕವಾಗುತ್ತಿತ್ತೆಂದು ನನಗೆ ಅನಿಸುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ನಾನು ಹೇಳಬಯಸುವುದು ಇಷ್ಟು. ತಂಡವನ್ನು ಪ್ರೀತಿಸಿ, ಸೋತ ರಾತ್ರಿ ಊಟ ಬಿಡುವಷ್ಟು ಪ್ರೀತಿಸಿದರೂ ಚಿಂತೆಯಿಲ್ಲ. ಆದರೆ ಮರುದಿನ ಬೆಳಗ್ಗೆ ತರಬೇತುದಾರನ ಹೆಸರನ್ನು ಎತ್ತುವ ಮುನ್ನ, ಅವನ ಹಿಂದಿನವನು ಕಲಿಸಿದ್ದು ಏನಾಯಿತೆಂದು ಕೇಳಿ. ಅವನನ್ನು ಆರಿಸಿದವರು ಯಾರೆಂದು ಕೇಳಿ. ಆಸ್ಟಿನ್ ಟೌನಿನ ಮೈದಾನದಲ್ಲಿ ಸಂಜೆ ಬರಿಗಾಲಿನಲ್ಲಿ ಆಡುತ್ತಿರುವ ಹುಡುಗನಿಗೂ ಕಂಠೀರವದ ಹಸುರಿಗೂ ನಡುವೆ ದಾರಿ ಇದೆಯೇ ಎಂದು ಕೇಳಿ. ಆ ದಾರಿ ಇದ್ದರೆ ತರಬೇತುದಾರರು ಬರಲಿ, ಹೋಗಲಿ. ತಂಡ ಒಂದು ವರ್ಷ ಸೋತರೂ ಮರುವರ್ಷ ಏಳುತ್ತದೆ. ಆ ದಾರಿ ಇಲ್ಲದಿದ್ದರೆ ಯಾವ ದೇಶದಿಂದ ಎಂಥ ಗುರುವನ್ನು ಕರೆತಂದರೂ ಅವನ ಕೈಗೆ ಕೊಡಲು ನಮ್ಮಲ್ಲಿ ಶಿಷ್ಯರಿರುವುದಿಲ್ಲ.